ಮುದ್ದಯ್ಯನ ಗದ್ದೆಯ ತರಗು

ಕಬ್ಬು ಕಡಿದ ಮೇಲೆ ಗದ್ದೆ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಡಿಯುವವರು ಬರುತ್ತಾರೆ, ಜಲ್ಲೆ ಲಾರಿ ಹತ್ತುತ್ತದೆ. ಹಸಿರು ಸೋಗೆಯನ್ನು ದನಕ್ಕೆ, ಕುರಿಗೆ ಅಂತ ಊರವರು ಹೊರೆ ಕಟ್ಟಿಕೊಂಡು ಹೋಗುತ್ತಾರೆ. ಕೊನೆಗೆ ಉಳಿಯುವುದು ತರಗು, ಅಂದರೆ ಒಣಗಿದ ಗರಿ. ಕಾಲಿಟ್ಟರೆ ಕುಯ್ಯುತ್ತದೆ. ಕಡಿದ ಬುಡದಿಂದ ಮತ್ತೆ ಕೂಳೆ ಚಿಗುರಬೇಕು, ನೀರು ಕಟ್ಟಬೇಕು, ಗೊಬ್ಬರ ಹಾಕಬೇಕು, ಇದನ್ನೇನು ಮಾಡೋದು? ಒಂದು ಬೆಂಕಿಪೊಟ್ಟಣ ಸಾಕು, ನೋಡನೋಡುತ್ತಲೇ ಗದ್ದೆ ಕ್ಲೀನು. ನಾವೆಲ್ಲ ಹಾಗೇ ಮಾಡಿಕೊಂಡು ಬಂದವರು.

ನಮ್ಮೂರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕಿದೆ. ಕಬ್ಬು ಕಡಿಯುವ ಕಾಲದಲ್ಲಿ ಸಂಜೆಯಾದರೆ ಊರಿನ ಸುತ್ತ ಹೊಗೆ. ಹಗ್ಗದ ಮೇಲೆ ಹರವಿದ ಬಟ್ಟೆಗೆಲ್ಲ ಕರಿ. ಕೆಮ್ಮಿಕೊಂಡು, ಯಾರದೋ ಗದ್ದೆ ಸುಡ್ತಾವ್ರೆ ಅಂದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಹೋದ ವರ್ಷ ಅದೇ ಹೊಗೆಯಲ್ಲಿ ನಮ್ಮ ಪಕ್ಕದ ಮನೆಯ ಮುದ್ದಯ್ಯಣ್ಣ ಹೋಗಿಬಿಟ್ಟರು.

ತರಗಿಗೆ ಬೆಂಕಿ ಹಾಕುವುದಕ್ಕೂ ನಮ್ಮಲ್ಲಿ ಒಂದು ಕ್ರಮ ಇದೆ. ತ್ರೀಫೇಸ್ ಕರೆಂಟು ಇರುವ ಹೊತ್ತು ನೋಡಿಕೊಳ್ಳಬೇಕು. ಮೊದಲು ಮೋಟಾರು ಹಾಕಿ, ಬದುವಿನ ಸುತ್ತ ನೀರು ಬಿಟ್ಟು, ಆಮೇಲೆ ಕಡ್ಡಿ ಗೀರಬೇಕು. ಬೆಂಕಿ ಆಚೆ ಹೋದರೆ ಆರಿಸಲು ನೀರಿದೆ ಅನ್ನುವ ಧೈರ್ಯ. ಮುದ್ದಯ್ಯಣ್ಣ ಈ ವಿಷಯದಲ್ಲಿ ಬಲು ಹುಷಾರಿನ ಮನುಷ್ಯ. ಅವತ್ತೂ ಎಲ್ಲ ಕ್ರಮವಾಗಿಯೇ ಮಾಡಿದ್ದರು. ಆದರೆ ಬೆಂಕಿ ಗದ್ದೆಯ ನಡುವೆ ಇರುವಾಗ ಮೋಟಾರು ನಿಂತಿತು, ಅದೇ ಹೊತ್ತಿಗೆ ಗಾಳಿ ತಿರುಗಿತು. ಪಕ್ಕದಲ್ಲಿ ಅಂಕಯ್ಯನ ಕಬ್ಬು ಇನ್ನೂ ನಿಂತಿತ್ತು. ಬೆಂಕಿ ಅತ್ತ ಹೊರಟಿದ್ದು ಕಂಡು ಮುದ್ದಯ್ಯಣ್ಣ ಅದನ್ನು ಬಡಿದು ಆರಿಸಲು ಒಳಕ್ಕೆ ನುಗ್ಗಿದರು. ಮಗ ಸಿದ್ದರಾಜು ನಾಲ್ಕು ಜನರನ್ನು ಕರೆದುಕೊಂಡು ಓಡಿ ಬರುವಷ್ಟರಲ್ಲಿ ಬಿದ್ದಿದ್ದರು. ಮೈ ಅಷ್ಟೇನೂ ಸುಟ್ಟಿರಲಿಲ್ಲ, ಹೊಗೆ ಎದೆಗೆ ಇಳಿದಿತ್ತು. ಮಂಡ್ಯದ ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತು. ಅಂಕಯ್ಯನ ಕಬ್ಬು ಅರ್ಧದಷ್ಟು ಉಳಿಯಿತು.

ಮುದ್ದಯ್ಯಣ್ಣನ ಹೆಂಡತಿ ಪಟ್ಟಲಮ್ಮ ನನ್ನ ವಾರಗೆಯವಳು, ನಮ್ಮ ಸ್ತ್ರೀಶಕ್ತಿ ಸಂಘದವಳು. ಗಂಡ ಹೋದ ದಿನದಿಂದ ಅವಳ ಬಾಯಲ್ಲಿ ಒಂದೇ ಮಾತು. ಮೋಟಾರು ಕೈ ಕೊಟ್ಟಿತು, ಅದಕ್ಕೇ ನಮ್ಮೋರು ಸತ್ತರು. ಆ ಮೋಟಾರಿಗೆ ಆಗಷ್ಟೇ ಹೊಸದಾಗಿ ವೈಂಡಿಂಗ್ ಮಾಡಿಕೊಟ್ಟಿದ್ದವನು ಮಳವಳ್ಳಿಯ ಮೆಕ್ಯಾನಿಕ್ ಮೆಹಬೂಬ್ ಪಾಷಾ. ಮುದ್ದಯ್ಯಣ್ಣನಿಗೆ ಬಹಳ ಕಾಲದ ಗೆಳೆಯ, ಆ ಮನೆಯಲ್ಲಿ ಎಷ್ಟೋ ಸಲ ಮುದ್ದೆ ಉಂಡವನು. ಸಮಾಧಿಗೆ ಹಾಲುತುಪ್ಪ ಬಿಡುವ ದಿನ ಅವನು ಬಂದಾಗ ಪಟ್ಟಲಮ್ಮ ಅವನ ಕಡೆ ತಿರುಗಿ ಸಹ ನೋಡಲಿಲ್ಲ. ಪಾಪ, ಆಚೆಯೇ ನಿಂತಿದ್ದು ಹೊರಟುಹೋದ.

ವರ್ಷ ತಿರುಗಿತು. ಅದೇ ಗದ್ದೆಯ ಕಬ್ಬು ಕಡಿದಾಯಿತು, ಅದೇ ಥರ ತರಗು ಬಿತ್ತು. ಒಂದು ಬೆಳಿಗ್ಗೆ ನಾನು ಮಜ್ಜಿಗೆಗೆ ಅಂತ ಅವರ ಮನೆಗೆ ಹೋದಾಗ ತಾಯಿ ಮಗನಿಗೆ ಮಾತು ನಡೆದಿತ್ತು.

"ಅವ್ವ, ಈ ಸಲ ಬೆಂಕಿ ಬ್ಯಾಡ. ತರಗ್ನ ಕರೆಂಟ್ ಫ್ಯಾಕ್ಟ್ರಿಗೆ ಕೊಟ್ಬುಡನ. ಅವ್ರೇ ಮಿಸೀನು ತಂದು ಕಟ್ಕೊಂಡೋಯ್ತಾರೆ" ಅಂದ ಸಿದ್ದರಾಜು.

ಪಟ್ಟಲಮ್ಮ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು. "ನಿಮ್ಮಪ್ಪ ಏನ್ಲಾ ಮಾಡ್ತಿದ್ರು?"

"ಬೆಂಕಿ ಆಕ್ತಿದ್ರು."

"ನೀನೂ ಅದ್ನೇ ಮಾಡು."

ಸೊಸೆ ವನಜಾ ಒಲೆಯ ಮುಂದಿನಿಂದಲೇ ಹೇಳಿದಳು, "ಅತ್ತೆ, ಮಾವ ಓಗಿದ್ದೇ ಆ ಬೆಂಕಿಯಿಂದ ಅಲ್ವಾ?"

"ಬೆಂಕಿಯಿಂದಲ್ಲ ಕಣಮ್ಮ, ಮೋಟ್ರು ನಿಂತಿದ್ರಿಂದ. ಬೆಂಕಿ ಆಕೋದು ಇವತ್ತಿಂದಾ? ನಮ್ಮಾವನ ಕಾಲ್ದಿಂದ ಆಕ್ತಾವ್ರೆ. ಬೆಂಕಿ ಬಿದ್ರೆ ಉಳ ಸಾಯ್ತವೆ, ಇಲಿ ಓಡೋಯ್ತವೆ, ಕೂಳೆ ಚೆನ್ನಾಗಿ ಒಡೀತದೆ. ಇವೆಲ್ಲ ನಿಮ್ಗೆ ಗೊತ್ತಿಲ್ದಿದ್ರೆ ಸುಮ್ಕಿರಿ."

ನನಗೆ ಸಿಟ್ಟು ಬಂತು. ಗಂಡನನ್ನು ನುಂಗಿದ ಬೆಂಕಿಯ ಪರವಾಗಿ ಇವಳು ವಕಾಲತ್ತು ಮಾಡುತ್ತಾಳಲ್ಲ ಅಂತ. ಮಜ್ಜಿಗೆ ತೆಗೆದುಕೊಂಡು ಎದ್ದು ಬಂದೆ.

ಅವತ್ತು ಮಧ್ಯಾಹ್ನ ನಾನು ಮತ್ತೆ ಅವರ ಜಗಲಿಯಲ್ಲಿ ಕೂತಿದ್ದಾಗ ಪಾಷಾ ತನ್ನ ಮಗಳು ಜಾಕಿಯಾಳನ್ನು ಕರೆದುಕೊಂಡು ಬಂದ. ಸಿದ್ದರಾಜುವೇ ಕರೆಸಿದ್ದು. ಜಾಕಿಯಾ ಡಿಪ್ಲೊಮಾ ಓದಿ, ಈ ಕಡೆಯಲ್ಲೇ ಇರುವ ತರಗಿನ ಕರೆಂಟು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಬರುವ ಲೋಡು ಒಣಗಿದೆಯೋ ಹಸಿಯಿದೆಯೋ ನೋಡಿ ಒಳಗೆ ಬಿಡಿಸುವುದು ಅವಳ ಕೆಲಸ. ಪಾಷಾನೂ ಈಗ ತರಗು ಕಟ್ಟುವ ಮಿಷೀನಿನ ರಿಪೇರಿ ನೋಡಿಕೊಳ್ಳುತ್ತಾನೆ. ಪಟ್ಟಲಮ್ಮ ಕೂತ್ಕೊಳ್ಳಿ ಅನ್ನಲಿಲ್ಲ. ಪಾಷಾ ಅಂಗಳದಲ್ಲೇ ನಿಂತ. ಹುಡುಗಿ ಮಾತ್ರ ಹೋಗಿ ಜಗಲಿಯ ಮೇಲೆ ಪಟ್ಟಲಮ್ಮನ ಪಕ್ಕ ಕೂತಳು.

"ದೊಡ್ಡಮ್ಮ, ನೀವು ಕೇಳ್ಬೇಕು ಅಂತಿರೋದನ್ನ ಕೇಳ್ಬುಡಿ. ನಂಗೆ ಗೊತ್ತಿರೋದು ಹೇಳ್ತೀನಿ."

"ತರಗಿಂದ ಕರೆಂಟು ಎಂಗ್ ಬತ್ತದೆ? ನಮ್ಗೇನು ತಲೆ ಇಲ್ವಾ?"

"ಮನೇಲಿ ಕುಕ್ಕರ್ ಇಡ್ತೀರಲ್ಲ, ಆವಿ ಜೋರಾಗಿ ವಿಶಲ್ನ ಎತ್ತಲ್ವಾ? ಅಲ್ಲೂ ಅಷ್ಟೇ. ತರಗು ಉರಿಸಿ ನೀರು ಕಾಯಿಸ್ತಾರೆ. ಆವಿ ಬಂದು ದೊಡ್ಡ ಚಕ್ರ ತಿರುಗಿಸ್ತದೆ. ಚಕ್ರ ತಿರುಗಿದ್ರೆ ಕರೆಂಟು. ಅದು ತಂತಿ ಮೇಲೆ ಎಲ್ರ ಮನೆಗೂ ಹೋಗೋ ಕರೆಂಟಿಗೇ ಸೇರ್ಕೊಳ್ತದೆ."

"ಅಂದ್ರೆ ಅಲ್ಲೂ ಸುಡೋದೇ. ಇಲ್ಲಿ ಸುಟ್ರೆ ಪಾಪ, ಅಲ್ಲಿ ಸುಟ್ರೆ ಪುಣ್ಯವಾ?"

ಜಾಕಿಯಾ ನಗಲಿಲ್ಲ. "ಅಲ್ಲಿ ಹೊಗೆನೇ ಇಲ್ಲ ಅಂತ ಸುಳ್ಳು ಹೇಳಲ್ಲ, ದೊಡ್ಡಮ್ಮ. ಮುಚ್ಚಿದ ಒಲೇಲಿ, ಗಾಳಿ ಎಷ್ಟು ಬೇಕೋ ಅಷ್ಟು ಕೊಟ್ಟು ಉರಿಸ್ತಾರೆ. ಚಿಮಣಿಗೆ ಹೋಗೋ ಮೊದ್ಲು ಬೂದಿ ಹಿಡಿಯೋಕೆ ವ್ಯವಸ್ಥೆ ಐತೆ. ಬಯಲಲ್ಲಿ ಸುಟ್ಟಂಗೆ ಊರೊಳಕ್ಕೆ ನುಗ್ಗಲ್ಲ. ಇಲ್ಲಿ ಸುಟ್ರೆ ಯಾರಿಗೂ ಏನೂ ಬರಲ್ಲ, ಕೆಮ್ಮು ಬಿಟ್ಟು."

"ಕೂಳೆ? ತರಗು ಅಂಗೇ ಬಿದ್ದಿದ್ರೆ ಚಿಗುರ್ತದಾ?"

"ಸುಟ್ರೆ ಮೇಲ್ಮಣ್ಣಿನ ಎರೆಹುಳನೂ ಸಾಯ್ತವೆ, ಬುಡನೂ ಬಾಡ್ತದೆ. ಹಂಗಂತ ಎಲ್ಲಾ ತರಗೂ ಬಾಚ್ಕೊಂಡ್ ಹೋಗೋದೂ ತಪ್ಪು. ಸಾಲಿನ ನಡುವೆ ಒಂದು ಪದರ ಬಿಡಿಸ್ತೀನಿ. ಅದು ಕೊಳೆತು ಗೊಬ್ಬರ ಆಗ್ತದೆ, ತೇವನೂ ಹಿಡ್ಕೊಳ್ತದೆ. ಮಿಕ್ಕಿದ್ದು ಸಾಕು ನಮ್ಗೆ."

ಹುಡುಗಿ ಹೇಳುವುದನ್ನು ಪಟ್ಟಲಮ್ಮ ಕೇಳುತ್ತಲೇ ಇದ್ದಳು. ಇನ್ನೇನು ಒಪ್ಪಿಬಿಟ್ಟಳು ಅಂದುಕೊಂಡೆ. ಆಗ ಅವಳ ಕಣ್ಣು ಅಂಗಳದಲ್ಲಿದ್ದ ಪಾಷಾನ ಮೇಲೆ ಬಿತ್ತು.

"ಅಪ್ಪ ಮೋಟ್ರು ಕೆಡಿಸ್ದ, ಮಗ್ಳು ಗದ್ದೆ ಕೆಡ್ಸಕ್ಕೆ ಬಂದವ್ಳೆ. ನೀನು ಸರ್ಯಾಗಿ ವೈಂಡಿಂಗ್ ಮಾಡಿದ್ದಿದ್ರೆ ಇವತ್ತು ನಮ್ಮೋರು ಇಲ್ಲಿ ಕೂತಿರೋರು ಪಾಸಾ."

"ಅಬ್ಬಾ, ನೀವ್ಯಾಕೆ ಸುಮ್ನಿದ್ದೀರಾ, ಹೇಳಿ" ಅಂತ ಜಾಕಿಯಾ ಅಪ್ಪನ ಕಡೆ ತಿರುಗಿ ಎದ್ದಳು. ಪಾಷಾ ಕೈ ಅಡ್ಡ ಹಿಡಿದು ಅವಳನ್ನು ತಡೆದ.

"ಅಕ್ಕ, ನಿಮ್ಗೆ ಅಂಗೆ ಅನ್ಸಿದ್ರೆ ಅಂಗೇ ಇರ್ಲಿ. ನನ್ನ ಬಯ್ಕೊಳಿ. ತರಗಿಗೆ ಮಾತ್ರ ಬೆಂಕಿ ಆಕ್ಬ್ಯಾಡಿ."

ಇಷ್ಟು ಹೇಳಿ ಮಗಳನ್ನು ಕರೆದುಕೊಂಡು ಹೊರಟ. ಪಟ್ಟಲಮ್ಮ ಮಗನ ಕಡೆ ತಿರುಗಿದಳು. "ನಾಳಿಕ್ಕೆ ನೀನು ಬೆಂಕಿ ಆಕ್ದಿದ್ರೆ ನಾನೇ ಓಗಿ ಆಕ್ತೀನಿ."

ಮಾರನೆಯ ದಿನ ಊಟವಾದ ಮೇಲೆ ಅವಳು ನನ್ನ ಬಾಗಿಲಿಗೆ ಬಂದಳು. "ಬಾರೆ, ಗದ್ದೆ ತಾವ್ಕೆ ಓಗ್ಬರನ" ಅಂದಳು. ಸೆರಗಿನ ಗಂಟಿನಲ್ಲಿ ಬೆಂಕಿಪೊಟ್ಟಣ ಇತ್ತು. ಒಬ್ಬಳನ್ನೇ ಕಳಿಸಲು ಭಯವಾಗಿ ನಾನೂ ಹೋದೆ.

ನಮ್ಮಲ್ಲಿ ಸತ್ತವರನ್ನು ಅವರವರ ಜಮೀನಿನಲ್ಲೇ ಮಣ್ಣು ಮಾಡುತ್ತೇವೆ. ಮುದ್ದಯ್ಯಣ್ಣನ ಗುಡ್ಡೆಯೂ ಅದೇ ಗದ್ದೆಯ ಮೇಲ್ಗಡೆ, ತೆಂಗಿನ ಮರದ ಬುಡದಲ್ಲಿದೆ. ವರ್ಷದ ಎಡೆ ಇಡುವ ದಿನ ಹತ್ತಿರ ಬಂದಿತ್ತು. ನಾವು ಹೋಗಿ ನೋಡಿದರೆ ಗಾಳಿಗೆ ತರಗು ಹಾರಿ ಬಂದು ಗುಡ್ಡೆ ಪೂರ್ತಿ ಮುಚ್ಚಿಹೋಗಿತ್ತು. ಅಲ್ಲೊಂದು ಗುಡ್ಡೆಯಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ಪಟ್ಟಲಮ್ಮ ಕುಕ್ಕರಗಾಲಲ್ಲಿ ಕೂತು ತರಗು ಎತ್ತಿ ಎತ್ತಿ ಆಚೆ ಹಾಕತೊಡಗಿದಳು. ಗುಡ್ಡೆಯ ಮೇಲಿನದ್ದು ಮುಗಿಯಿತು. ಅಷ್ಟಕ್ಕೇ ನಿಲ್ಲಿಸದೆ ಸುತ್ತಲಿನದನ್ನೂ ಬಾಚಿದಳು. ಇನ್ನೂ ದೂರದ್ದನ್ನೂ ಬಾಚಿದಳು. ಗರಿಯ ಅಂಚು ಕುಯ್ದು ಬೆರಳಲ್ಲಿ ರಕ್ತ ಬಂತು.

"ಸಾಕು ಬುಡೆ, ಕೈ ನೋಡ್ಕೊ" ಅಂದೆ.

"ಇಲ್ಲೀ ಗಂಟ ಬೆಂಕಿ ಬರ್ಬಾರ್ದು ಕಣೆ."

"ಬಂದ್ರೇನು? ಮಣ್ಣಿನ ಗುಡ್ಡೆ ಸುಡ್ತದಾ?"

"ಅವ್ರಿಗೆ ಉಸ್ರು ಕಟ್ತದೆ."

ಅಂದವಳೇ ಕೈ ನಿಲ್ಲಿಸಿದಳು. ತಾನೇನು ಅಂದೆ ಅನ್ನುವುದು ಅವಳ ಕಿವಿಗೆ ಆಗ ಬಿತ್ತು ಅಂತ ಕಾಣುತ್ತದೆ. ಹಾಗೇ ನೆಲಕ್ಕೆ ಕುಸಿದು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಹೆಣ ಎತ್ತಿದ ದಿನ ಸಹ ಅವಳು ಹಾಗೆ ಅತ್ತಿರಲಿಲ್ಲ. ನಾನೂ ಪಕ್ಕದಲ್ಲಿ ಕೂತು ಅತ್ತೆ.

ಅಳುತ್ತಲೇ ಅಂದಳು, "ಬೆಂಕಿ ಆಕೋದು ತಪ್ಪು ಅಂತ ಈಗ ಒಪ್ಕೊಂಡ್ರೆ, ನಮ್ಮೋರು ಸುಮ್ ಸುಮ್ಕೆ ಸತ್ರು ಅಂತ ಆಯ್ತದಲ್ಲೇ. ಯಾವ್ದಕ್ಕೂ ಬ್ಯಾಡ್ದಿರೋ ತರಗಿಗೆ ಓಗ್ಬುಟ್ರು ಅಂತ ಆಯ್ತದಲ್ಲೇ. ನಾನೆಂಗ್ ಒಪ್ಲಿ?"

ಒಂದು ವರ್ಷದಿಂದ ಇದನ್ನು ಎದೆಯಲ್ಲಿಟ್ಟುಕೊಂಡು ಓಡಾಡಿದ್ದಾಳೆ, ನಾವು ಮಾತ್ರ ಇವಳಿಗೆ ಹಠ ಅಂದುಕೊಂಡೆವು.

ಅಷ್ಟರಲ್ಲಿ ಸಿದ್ದರಾಜು ಏದುಸಿರು ಬಿಡುತ್ತ ಬದುವಿನ ಮೇಲೆ ಓಡಿ ಬಂದ. ತಾಯಿ ಬೆಂಕಿ ಹಾಕಿಬಿಟ್ಟಳು ಅಂತಲೇ ಅವನು ಹೆದರಿದ್ದು. ಪಟ್ಟಲಮ್ಮ ಕಣ್ಣೊರೆಸಿಕೊಂಡು ಕೇಳಿದಳು.

"ಅವತ್ತು ಮೋಟ್ರು ಸುಟ್ಟೋಗಿತ್ತೇನ್ಲಾ?"

ಸಿದ್ದರಾಜು ನನ್ನ ಮುಖ ನೋಡಿದ. ಆಮೇಲೆ ಹೇಳಿದ, "ಇಲ್ಲ ಅವ್ವ. ಕರೆಂಟು ಓಗಿತ್ತು. ವಾಪಸ್ ಬಂದಾಗ ಮೋಟ್ರು ತಾನಾಗೇ ಓಡ್ತು. ನೀರು ಬಂತು. ಅಷ್ಟೊತ್ತಿಗೆ ಅಪ್ಪನ್ನ ಎತ್ಕೊಂಡು ರೋಡಿಗೆ ಓಗಿದ್ವಿ."

"ಗೊತ್ತು ಕಣ್ಲಾ" ಅಂದಳು ಪಟ್ಟಲಮ್ಮ. "ನಾನು ಮನೇಲಿ ಮಿಕ್ಸಿಲಿ ಕಾರ ಆಡುಸ್ತಿದ್ದೆ. ಅದೂ ನಿಂತೋಯ್ತು. ಊರಿಗೇ ಕರೆಂಟು ಓಗಿತ್ತು. ಎಲ್ಲಾ ಗೊತ್ತು ನಂಗೆ. ಯಾರ್ನಾದ್ರೂ ಬಯ್ಬೇಕಿತ್ತು, ಪಾಸಾ ಸಿಕ್ದ."

ಸೆರಗಿನ ಗಂಟು ಬಿಚ್ಚಿ ಬೆಂಕಿಪೊಟ್ಟಣವನ್ನು ಮಗನ ಕೈಗೆ ಕೊಟ್ಟಳು. "ಮಿಸೀನು ತರೋಕೆ ಏಳು ಅವ್ನಿಗೆ."

ಎರಡು ದಿನ ಬಿಟ್ಟು ಮಿಷೀನು ಬಂತು. ಸಾಲಿನ ಮೇಲೆ ಹೋಗುತ್ತ ತರಗನ್ನು ಬಾಚಿ, ಒತ್ತಿ, ದಾರದಲ್ಲಿ ಬಿಗಿದು ಕಟ್ಟು ಕಟ್ಟಾಗಿ ಹಿಂದಕ್ಕೆ ಹಾಕುತ್ತ ಹೋಯಿತು. ಜಾಕಿಯಾ ಹೇಳಿದಂತೆಯೇ ನೆಲದ ಮೇಲೆ ಒಂದು ತೆಳು ಪದರ ಬಿಟ್ಟರು. ಸಂಜೆಗೆ ಮುಂಚೆ ಗದ್ದೆ ಖಾಲಿ. ಅವತ್ತು ಊರಿನಲ್ಲಿ ಯಾರ ಕಣ್ಣೂ ಉರಿಯಲಿಲ್ಲ. ಮಿಷೀನು ನಿಲ್ಲಿಸಿ ಬಂದ ಪಾಷಾನಿಗೆ ಪಟ್ಟಲಮ್ಮ ಜಗಲಿ ತೋರಿಸಿದಳು.

"ಕೂತ್ಕೊಳಪ್ಪ ಪಾಸಾ. ಕಾಪಿ ಕುಡ್ದು ಓಗು." ಲೋಟ ಕೈಗೆ ಕೊಡುತ್ತ ಮೆಲ್ಲಗೆ ಅಂದಳು, "ನಿನ್ನ ಮೋಟ್ರು ಚೆನ್ನಾಗೈತೆ ಕಣಪ್ಪ. ಒಂದಿನವೂ ಕೆಟ್ಟಿಲ್ಲ."

ಪಾಷಾ ಲೋಟ ಹಿಡಿದುಕೊಂಡೇ ಕೂತಿದ್ದ. ಕುಡಿಯುವಷ್ಟರಲ್ಲಿ ಕಾಫಿ ಆರಿಹೋಗಿತ್ತು.

ಲೋಡು ಹೋಗುವಾಗ ನಾನೂ ಬರ್ತೀನಿ ಅಂತ ಪಟ್ಟಲಮ್ಮ ಹಠ ಹಿಡಿದಳು. ಟ್ರ್ಯಾಕ್ಟರಿನ ಹಿಂದೆ ಗೂಡ್ಸ್ ಆಟೋದಲ್ಲಿ ಅವಳು, ವನಜಾ, ನಾನು ಹೋದೆವು. ಕಾರ್ಖಾನೆಯ ಅಂಗಳದಲ್ಲಿ ನಮ್ಮ ಮನೆಗಳಿಗಿಂತ ಎತ್ತರಕ್ಕೆ ತರಗಿನ ಕಟ್ಟುಗಳನ್ನು ಒಟ್ಟಿದ್ದರು. ತೆಂಗಿನ ಗರಿ, ಮಟ್ಟೆ, ಭತ್ತದ ಹೊಟ್ಟು, ನಾವು ಬೇಡ ಅಂತ ಬಿಸಾಕುವುದೆಲ್ಲ ಅಲ್ಲಿತ್ತು. ಜಾಕಿಯಾ ನಮ್ಮ ಲೋಡಿನ ಒಳಕ್ಕೆ ಕೈ ಹಾಕಿ ನೋಡಿ, ಚೆನ್ನಾಗಿ ಒಣಗಿದೆ ಅಂದಳು. ಅಗಲವಾದ ಬೆಲ್ಟಿನ ಮೇಲೆ ತರಗು ಮೇಲಕ್ಕೆ ಹೋಗುತ್ತಿತ್ತು.

"ಬೆಂಕಿ ಎಲ್ಲಮ್ಮ?" ಅಂತ ಕೇಳಿದಳು ಪಟ್ಟಲಮ್ಮ.

ನಮ್ಮ ತಲೆಗೆಲ್ಲ ಟೋಪಿ ಹಾಕಿಸಿ ಜಾಕಿಯಾ ಒಂದು ದೊಡ್ಡ ಕಬ್ಬಿಣದ ಗೋಡೆಯ ಹತ್ತಿರ ಕರೆದುಕೊಂಡು ಹೋದಳು. ಗೋಡೆಯಲ್ಲಿ ಅಂಗೈಯಗಲದ ಗಾಜಿನ ಕಿಂಡಿ. ಪಟ್ಟಲಮ್ಮ ಅದರೊಳಕ್ಕೆ ನೋಡಿದಳು. ನೋಡುತ್ತಲೇ ನಿಂತಳು. ವನಜಾ ಗಾಬರಿಯಾಗಿ ಅತ್ತೆಯ ತೋಳು ಹಿಡಿದಳು.

"ಇದ್ನ ಕಾಯಕ್ಕೆ ಎಷ್ಟು ಜನ ಅವ್ರೆ?" ಅಂದಳು ಪಟ್ಟಲಮ್ಮ.

"ಪಾಳಿ ಮೇಲೆ ಯಾವಾಗ್ಲೂ ಜನ ಇರ್ತಾರೆ ದೊಡ್ಡಮ್ಮ. ನೀರು ಕಮ್ಮಿ ಆದ್ರೆ ಗಂಟೆ ಹೊಡ್ಕೊಳ್ತದೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ತರಗು ಹೋಗೋದೇ ನಿಂತೋಗ್ತದೆ. ಆರಿಸೋಕೆ ನೀರಿನ ಪೈಪು ಬೇರೆ ಐತೆ."

ಪಟ್ಟಲಮ್ಮ ಆ ಕಬ್ಬಿಣದ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಇಷ್ಟು ದಪ್ಪ ಗೋಡೆ ಕಟ್ಟವ್ರೆ. ಇಷ್ಟು ಜನ ಕಾಯ್ತಾವ್ರೆ. ನಮ್ಮೋರ ಕೈಲಿ ಒಂದು ಹೊಂಗೆ ರೆಂಬೆ ಇತ್ತು ಕಣಮ್ಮ, ಅಷ್ಟೇಯ."

ಜಾಕಿಯಾ ಅವಳ ಕೈ ಹಿಡಿದುಕೊಂಡು ಆಚೆಗೆ ಕರೆತಂದಳು. ವರ್ಷದ ಎಡೆಗೆ ಪಾಷಾ ಮನೆಯವರೂ ಬಂದಿದ್ದರು. ಕೂಳೆ ಚೆನ್ನಾಗಿಯೇ ಚಿಗುರಿದೆ. ಅದನ್ನು ನೋಡಿದಾಗಲೆಲ್ಲ ಪಟ್ಟಲಮ್ಮನ ಕಣ್ಣು ತುಂಬುತ್ತದೆ, ಇಷ್ಟು ಸುಲಭವಾಗಿ ಆಗುವ ಕೆಲಸವಾಗಿತ್ತಲ್ಲ ಅಂತ.

ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಗದ್ದೆಯಲ್ಲೂ ಈಗ ತರಗು ಬಿದ್ದಿರಬಹುದು. ಹಸಿರು ಸೋಗೆಯನ್ನು ದನಕರುಗಳಿಗೆ ಬೇರೆ ಮಾಡಿ. ಮಿಕ್ಕಿದ್ದು ಚೆನ್ನಾಗಿ ಒಣಗಲಿ, ಹಸಿ ತರಗು ಉರಿಯುವುದಿಲ್ಲ, ಕಾರ್ಖಾನೆಯವರು ವಾಪಸ್ಸು ಕಳಿಸುತ್ತಾರೆ. ಕಬ್ಬು ಕಡಿಸುವ ಮೊದಲೇ ನಿಮ್ಮ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ತರಗು ಕಟ್ಟುವ ಮಿಷೀನು ಯಾರ ಹತ್ತಿರ ಇದೆ, ತರಗನ್ನು ಯಾರು ಕೊಳ್ಳುತ್ತಾರೆ ಅಂತ ತಿಳಿದುಕೊಳ್ಳಿ. ಅಕ್ಕಪಕ್ಕದ ಗದ್ದೆಯವರು ಸೇರಿ ಕರೆದರೆ ಮಿಷೀನು ಬೇಗ ಬರುತ್ತದೆ. ನಿಮ್ಮ ಕಡೆ ಅಂಥ ಕಾರ್ಖಾನೆ ಇಲ್ಲದಿದ್ದರೆ ತರಗನ್ನು ಸಾಲಿನ ನಡುವೆ ಹರಡಿ, ನೀರು ಕೊಟ್ಟು ಕೊಳೆಯಲು ಬಿಡಿ, ಗೊಬ್ಬರವಾಗುತ್ತದೆ. ಬೆಂಕಿ ಮಾತ್ರ ಹಾಕಬೇಡಿ. ಮೋಟಾರು ಓಡುತ್ತಿದೆ, ಗಾಳಿ ಇಲ್ಲ, ನಾನು ಹುಷಾರಾಗಿದ್ದೀನಿ ಅನ್ನಬೇಡಿ. ಮುದ್ದಯ್ಯಣ್ಣನೂ ಹುಷಾರಾಗಿಯೇ ಇದ್ದರು.

ಗದ್ದೆ ಕ್ಲೀನಾಗುವುದು ನಾಲ್ಕು ದಿನ ತಡವಾಗಲಿ. ಗದ್ದೆಗೆ ಹೋದವರು ಮನೆಗೆ ಬರಲಿ.